ಸ್ಟಾರ್ಟ್ ಆಗಿ ನಿಲ್ಲುವ ಗರಗಸ: ಆಂಡ್ರಿಯಾಸ್ ಸ್ಟಿಲ್ ಬದುಕು

ಮುಂಗಾರಿಗೆ ಮುಂಚೆ ಬರೋ ಗಾಳಿಮಳೆ ಹೊಡೆದ ಮಾರನೇ ದಿನ ಹದಡಿ ಕಡೆ ತೋಟಗಳಲ್ಲಿ ಕೇಳೋ ಸದ್ದು ಚೈನ್ ಗರಗಸದ್ದು. ಬುಡ ಸಮೇತ ಬಿದ್ದ ತೆಂಗು, ನಡು ಮುರಿದ ಅಡಿಕೆ, ಬದುವಿಗೆ ಅಡ್ಡ ಮಲಗಿದ ಬೇವು. ಎಲ್ಲವನ್ನೂ ತುಂಡು ಮಾಡಿ ದಾರಿ ಬಿಡಿಸಬೇಕು. ಆ ಹೊತ್ತಿಗೇ ಗರಗಸ ಕೈ ಕೊಡುತ್ತೆ. ಪೂರ್ತಿ ಕೆಟ್ಟಿದ್ದರೆ ಒಂದು ಲೆಕ್ಕ. ಆದರೆ ಇದು ಕೆಟ್ಟಿಲ್ಲ. ದಾರ ಎಳೆದರೆ ಶುರುವಾಗುತ್ತೆ, ಹತ್ತು ಎಣಿಸೋದರೊಳಗೆ ನಿಂತುಹೋಗುತ್ತೆ. ಮತ್ತೆ ಎಳೆದರೆ ಮತ್ತೆ ಶುರು, ಮತ್ತೆ ಬಂದ್. ಮೆಕ್ಯಾನಿಕಲ್ ಓದುತ್ತಿದ್ದೀವಿ ಅಂತ ಗೊತ್ತಾದರೆ ಊರಲ್ಲಿ ನಮ್ಮ ಕೈಗೆ ಮೊದಲು ಬರೋದು ಇಂಥ ಯಂತ್ರಗಳೇ: ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ಹುಲ್ಲು ಹೊಡೆಯೋ ಮಿಷನ್, ಈ ಗರಗಸ. ಮೂರರ ಹೊಟ್ಟೆಯಲ್ಲೂ ಹೆಚ್ಚಾಗಿ ಇರೋದು ಟು ಸ್ಟ್ರೋಕ್ ಎಂಜಿನ್ನೇ.

ಈ ಸಂಚಿಕೆಗೆ ಯಾರ ಜೀವನ ಬರೆಯೋಣ ಅಂತ ಕೂತಾಗ ನಾವು ಆರಿಸಿಕೊಂಡದ್ದು ಈ ಗರಗಸದ ಹಿಂದಿನ ಮನುಷ್ಯನನ್ನು. ಆಂಡ್ರಿಯಾಸ್ ಸ್ಟಿಲ್. ಜರ್ಮನ್ನರು ಶ್ಟೀಲ್ ಅಂತಾರೆ, ನಮ್ಮ ಅಂಗಡಿಗಳಲ್ಲಿ ಸ್ಟಿಲ್ ಅಂತಲೇ ಚಾಲ್ತಿ. ಹೆಸರು ಎಲ್ಲರಿಗೂ ಗೊತ್ತು, ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಆತನ ಬದುಕು ಓದುತ್ತಾ ಹೋದಾಗ ನಮಗೆ ಒಂದು ವಿಷಯ ಹೊಳೀತು. ಗರಗಸ ಸ್ಟಾರ್ಟ್ ಆಗಿ ನಿಲ್ಲೋದಕ್ಕೆ ಇರುವ ಕಾರಣಗಳಲ್ಲಿ ಹೆಚ್ಚಿನವು ಆ ಯಂತ್ರ ಹಗುರಾಗುತ್ತಾ ಬಂದ ದಾರಿಯಲ್ಲೇ ಹುಟ್ಟಿದವು. ಯಾವ ಭಾಗ ಯಾಕೆ ಬಂತು ಅಂತ ಗೊತ್ತಿದ್ದರೆ ಅದು ಯಾಕೆ ಕೈ ಕೊಡ್ತಿದೆ ಅಂತ ಹುಡುಕೋದು ಅರ್ಧ ಮುಗಿದ ಹಾಗೆ. ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳ್ತೀವಿ.

ಸ್ಟಿಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನಾಗಿದ್ದ. ಆಮೇಲೆ ಐಸೆನಾಖ್ ಊರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ. ಅಂದರೆ ನಮ್ಮ ಬ್ರಾಂಚಿನವನೇ. ಓದು ಮುಗಿಸಿ ಹೊರಬಿದ್ದಾಗ ಜರ್ಮನಿಯ ಸ್ಥಿತಿ ಹೇಗಿತ್ತು ಅಂದರೆ, 1923ರಲ್ಲಿ ಬೆಳಿಗ್ಗೆ ಕೈಗೆ ಬಂದ ಸಂಬಳ ಸಂಜೆ ಹೊತ್ತಿಗೆ ಬೆಲೆ ಕಳಕೊಳ್ಳುತ್ತಿತ್ತು. ಅದೇ ವರ್ಷ ಸ್ಟಿಲ್ ಒಬ್ಬ ಪಾಲುದಾರನ ಜೊತೆ ಸಣ್ಣ ಉದ್ಯಮ ಶುರು ಮಾಡಿದ. ಮೂರು ವರ್ಷಕ್ಕೆ ಪಾಲುದಾರಿಕೆ ಮುರೀತು. 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ತನ್ನದೇ ಹೆಸರಿನಲ್ಲಿ ಒಂಟಿಯಾಗಿ ಕೂತ. ಆಗ ವಯಸ್ಸು ಮೂವತ್ತು ದಾಟಿರಲಿಲ್ಲ.

ಮೊದಲು ಮಾರಿದ್ದು ಗರಗಸ ಅಲ್ಲ. ಉಗಿ ಬಾಯ್ಲರ್‌ಗಳಿಗೆ ಬೇಕಾದ ಉರಿಯೊಲೆಯ ವ್ಯವಸ್ಥೆ. ಬಾಯ್ಲರ್ ಇದ್ದಲ್ಲೆಲ್ಲ ಸೌದೆ ಬೇಕು, ಸೌದೆ ಬೇಕಾದಲ್ಲೆಲ್ಲ ಮರ ಕೊಯ್ಯೋ ಜನ ಇರ್ತಾರೆ. ಆ ಕಾಲದಲ್ಲಿ ಕಾಡಿನ ಕೆಲಸ ಅಂದರೆ ಕೊಡಲಿ, ಮತ್ತೆ ಇಬ್ಬರು ಎರಡೂ ಕಡೆ ಹಿಡಿದು ಎಳೆಯೋ ಉದ್ದನೆ ಗರಗಸ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡಿನಲ್ಲಿ ಗುಂಡಿ ತೋಡಿ, ಮೇಲೊಬ್ಬ ಕೆಳಗೊಬ್ಬ ನಿಂತು ಹಲಗೆ ಕೊಯ್ಯುತ್ತಿದ್ದರಲ್ಲ, ಅದೇ ಬೆವರು, ಅದೇ ಬೆನ್ನುನೋವು. ದೊಡ್ಡ ಗರಗಸ ಇದ್ದದ್ದು ಸಾಮಿಲ್ಲಿನಲ್ಲಿ. ಮರವನ್ನು ಗರಗಸದ ಹತ್ತಿರ ಹೊತ್ತು ತರೋ ಬದಲು ಗರಗಸವನ್ನೇ ಮರದ ಹತ್ತಿರ ಒಯ್ದರೆ ಹೇಗೆ ಅನ್ನೋದು ಸ್ಟಿಲ್ ಹಿಡಿದ ಎಳೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಆತನನ್ನು ಚೈನ್ ಗರಗಸದ ಪಿತಾಮಹ ಅಂತ ಕರೆಯೋ ರೂಢಿ ಇದೆ. ನಮ್ಮ ಪ್ರಕಾರ ಅದು ಸ್ವಲ್ಪ ಹೆಚ್ಚಾಯಿತು. ಸರಪಳಿಗೆ ಹಲ್ಲು ಕಟ್ಟಿ ಕೊಯ್ಯೋ ಉಪಾಯ ಮೊದಲು ಬಂದದ್ದು ಮರಕ್ಕಲ್ಲ, ಮೂಳೆಗೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಏಟ್ಕಿನ್ ಮತ್ತು ಜೆಫ್ರಿ, ಕಷ್ಟದ ಹೆರಿಗೆಯಲ್ಲಿ ಮೂಳೆ ಕೊಯ್ಯಲು ಹಲ್ಲಿನ ಸರಪಳಿ ಬಳಸಿದರು. 1830ರ ಹೊತ್ತಿಗೆ ಬೆರ್ನ್‌ಹಾರ್ಡ್ ಹೈನೆ ಅನ್ನೋ ಜರ್ಮನ್ ಕೈಯಿಂದ ತಿರುಗಿಸೋ ಮೂಳೆ ಗರಗಸ ಮಾಡಿದ್ದ. ಅದರ ಚಿತ್ರ ನೋಡಿದರೆ ಪಟ್ಟಿ, ಸುತ್ತ ಓಡೋ ಸರಪಳಿ, ಎಲ್ಲ ಈಗಿನ ಥರವೇ ಇದೆ. ಕೆನಡಾದ ಜೇಮ್ಸ್ ಶ್ಯಾಂಡ್ 1918ರಲ್ಲೇ ಒಂದು ಪೇಟೆಂಟ್ ಪಡೆದಿದ್ದ. ಜರ್ಮನಿಯಲ್ಲೇ ಎಮಿಲ್ ಲೆರ್ಪ್ ಅನ್ನೋನು 1927ರಲ್ಲಿ ಡೋಲ್ಮಾರ್ ಅನ್ನೋ ಬೆಟ್ಟದ ಮೇಲೆ ಪೆಟ್ರೋಲ್ ಗರಗಸ ಓಡಿಸಿ ನೋಡಿದ. ಬೆಟ್ಟದ ಹೆಸರೇ ಆ ಕಂಪನಿಯ ಹೆಸರಾಯಿತು. ಹಾಗಾಗಿ ಸ್ಟಿಲ್ ಮೊದಲಿಗನಲ್ಲ. ಆತನ ದೊಡ್ಡತನ ಬೇರೆ ಕಡೆ ಇದೆ: ಹಿಡಿದ ಒಂದೇ ಯಂತ್ರವನ್ನು ನಲವತ್ತಾರು ವರ್ಷ ಬಿಡದೆ ತಿದ್ದಿದ.

1926ರಲ್ಲಿ ಆತ ಮಾಡಿದ ಮೊದಲ ಗರಗಸ ವಿದ್ಯುತ್ತಿನದು. ಮರದ ದಿಮ್ಮಿ ತುಂಡು ಮಾಡಲು, ಇಬ್ಬರು ಹಿಡಿಯಬೇಕಾದದ್ದು. ಕಾಡಿನಲ್ಲಿ ಕರೆಂಟ್ ಎಲ್ಲಿಂದ ತರೋದು? ಅದಕ್ಕೆ 1929ರಲ್ಲಿ ಪೆಟ್ರೋಲ್ ಎಂಜಿನ್ ಹಾಕಿದ ಮರ ಉರುಳಿಸೋ ಯಂತ್ರ ಬಂತು. ಸುಮಾರು 6 ಅಶ್ವಶಕ್ತಿ, ತೂಕ 46 ಕೆಜಿ. ಒಂದು ಸಿಮೆಂಟ್ ಚೀಲ 50 ಕೆಜಿ ಇರುತ್ತೆ, ನೆನಪಿಟ್ಟುಕೊಳ್ಳಿ. ಅದನ್ನು ಎರಡೂ ತುದಿಯಲ್ಲಿ ಇಬ್ಬರು ಹಿಡಿದು, ಇಳಿಜಾರಿನಲ್ಲಿ ನಿಂತು, ಮರದ ಬುಡಕ್ಕೆ ಬಗ್ಗಿ ಓಡಿಸಬೇಕು. ಅಂಥದ್ದೇ ಯಂತ್ರ ಅಮೆರಿಕದ ಕಡೆಗೂ ಸೋವಿಯತ್ ರಷ್ಯಾದ ಕಡೆಗೂ 1930ರ ದಶಕದ ಶುರುವಿನಲ್ಲೇ ಹೊರಟಿತು. ಮಾರುವ ಕೆಲಸಕ್ಕೂ ಆತನೇ ಊರೂರು ಅಲೀತಿದ್ದ.

ಮುಂದಿನ ಹತ್ತು ವರ್ಷದಲ್ಲಿ ಆ ಯಂತ್ರಕ್ಕೆ ಸೇರಿದ ಎರಡು ಭಾಗ ಇವತ್ತಿನ ಗರಗಸದಲ್ಲೂ ಹಾಗೇ ಇವೆ. ಒಂದು, ಸರಪಳಿಗೆ ತಾನಾಗೇ ಎಣ್ಣೆ ಬಿಡೋ ವ್ಯವಸ್ಥೆ. ಇನ್ನೊಂದು ಸೆಂಟ್ರಿಫ್ಯೂಗಲ್ ಕ್ಲಚ್. ಎಂಜಿನ್ ನಿಧಾನ ತಿರುಗುವಾಗ ಕ್ಲಚ್ಚಿನ ತುಂಡುಗಳನ್ನು ಸ್ಪ್ರಿಂಗ್ ಒಳಗೆ ಎಳೆದು ಹಿಡಿದಿರುತ್ತೆ, ವೇಗ ಏರಿದಾಗ ಅವು ಹೊರಗೆ ಹಾರಿ ಡ್ರಮ್ಮಿಗೆ ಒತ್ತಿ ಸರಪಳಿ ಓಡಿಸ್ತಾವೆ. ಅಂದರೆ ಐಡಲ್‌ನಲ್ಲಿ ಎಂಜಿನ್ನಿಗೆ ಸರಪಳಿಯ ಭಾರವೇ ಇಲ್ಲ.

ನಿಲ್ಲುವ ಗರಗಸದ ಮೊದಲ ಗುಟ್ಟು ಇಲ್ಲಿದೆ. ಐಡಲ್‌ನಲ್ಲೇ ನಿಂತರೆ ಅದಕ್ಕೆ ಸರಪಳಿ, ಪಟ್ಟಿ, ಮರ ಯಾವುದೂ ಕಾರಣ ಅಲ್ಲ, ಎಂಜಿನ್ನಿನೊಳಗೇ ಹುಡುಕಬೇಕು. ರೇಸ್ ಕೊಟ್ಟು ಕ್ಲಚ್ ಹಿಡಿಯೋ ಹೊತ್ತಿಗೆ ನಿಂತರೆ ಒಮ್ಮೆ ಸರಪಳಿ ಕೈಯಿಂದ ಎಳೆದು ನೋಡಬೇಕು. ಬಿಗಿ ಜಾಸ್ತಿಯಾಗಿದೆಯೋ, ಎಣ್ಣೆ ಬಾರದೆ ಪಟ್ಟಿ ಒಣಗಿದೆಯೋ ಅಂತ. ಎಂಜಿನ್ ಬಂದ್ ಇರಬೇಕು, ಕೈಗೆ ಗ್ಲೌಸ್ ಇರಬೇಕು, ಅದು ಬೇರೆ ಹೇಳಬೇಕಿಲ್ಲ.

ಇನ್ನು ಆತನ ಬದುಕಿನಲ್ಲಿ ಜಾಹೀರಾತುಗಳು ಮುಟ್ಟದ ಭಾಗ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಸ್ಟಿಲ್ ನಾಝಿ ಪಕ್ಷ ಸೇರಿದ. 1935ರಲ್ಲಿ ಎಸ್‌ಎಸ್‌ಗೆ ಸೇರಿದ. ಯುದ್ಧದ ಕಾಲದಲ್ಲಿ ಗರಗಸ ಸೈನ್ಯಕ್ಕೂ ಬೇಕಾದ ಸಾಮಾನು. ಸ್ಟುಟ್‌ಗಾರ್ಟ್‌ನ ಕಾನ್‌ಷ್ಟಾಟ್ ಭಾಗದಲ್ಲಿದ್ದ ಕಾರ್ಖಾನೆ ಬಾಂಬ್ ದಾಳಿಗೆ ಹಾಳಾಗಿ, ಕೆಲಸ ವೈಬ್ಲಿಂಗೆನ್ ಪಕ್ಕದ ನಾಯ್‌ಷ್ಟಾಟ್‌ಗೆ ಹೋಯಿತು. ಯುದ್ಧ ಮುಗಿದ ಮೇಲೆ ಎಸ್‌ಎಸ್ ಸದಸ್ಯ ಅನ್ನೋ ಕಾರಣಕ್ಕೆ ಆತನನ್ನು ಬಂಧನ ಶಿಬಿರದಲ್ಲಿಟ್ಟರು, ಹೊರಗೆ ಬಂದದ್ದು 1948ರಲ್ಲಿ. ಒಳ್ಳೆ ಎಂಜಿನಿಯರ್ ಅಂದ ಮಾತ್ರಕ್ಕೆ ಇದನ್ನು ಪಕ್ಕಕ್ಕೆ ತಳ್ಳಿ ಬರೆಯೋದು ನಮಗೆ ಸರಿ ಕಾಣಲಿಲ್ಲ. ಪಕ್ಷ ಸೇರದೆ ಕಾರ್ಖಾನೆ ನಡೆಸೋಕಾಗ್ತಿರಲಿಲ್ಲ ಅನ್ನೋ ಸಮಾಧಾನ ಆ ಕಾಲದ ಉದ್ಯಮಿಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುತ್ತೆ. ಎಸ್‌ಎಸ್‌ಗೂ ಅದೇ ಸಮಾಧಾನ ಹೇಳೋದು ಕಷ್ಟ. ನಮ್ಮೊಳಗೇ ಈ ಬಗ್ಗೆ ಜಗಳ ಆಯಿತು. ಹೀಗಿದ್ದವನ ಜೀವನ ಬರೆಯಬೇಕಾ ಅಂತ ಒಬ್ಬರು, ಯಂತ್ರ ದಿನಾ ಕೈಯಲ್ಲಿ ಹಿಡಿದು ಮಾಡಿದವನ ವಿಷಯ ಮುಚ್ಚಿಡೋದು ಯಾವ ನ್ಯಾಯ ಅಂತ ಇನ್ನೊಬ್ಬರು. ಎರಡನೇ ಮಾತು ಗೆದ್ದಿತು, ಅದಕ್ಕೇ ಈ ಪ್ಯಾರಾ ಇಲ್ಲಿದೆ.

ಅದೇ ಯುದ್ಧದ ನಡುವೆ, 1941ರಲ್ಲಿ, ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಲೇತ್ ಮಾಡುವ ಕಾರ್ಖಾನೆ. ಹೊರದೇಶದಿಂದ ಯಂತ್ರ ಬರೋದು ನಿಂತಾಗ ಯಂತ್ರ ಮಾಡೋ ಯಂತ್ರಗಳನ್ನು ಇಲ್ಲೇ ಮಾಡೋಣ ಅಂತ ಹೊರಟವರು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಉರುಟಾಗಿ ಬರಬೇಕಾದರೆ ಮೊದಲು ಒಳ್ಳೆ ಲೇತ್ ಬೇಕಲ್ಲವಾ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ, ದೊಡ್ಡಪ್ಪ ಅಂತ ಯಾರಾದರೊಬ್ಬರು ಆ ಗೇಟಿನೊಳಗೆ ದುಡಿದವರೇ.

ಜೈಲಿನಂಥ ಶಿಬಿರದಿಂದ ಹೊರಗೆ ಬಂದ ಸ್ಟಿಲ್‌ಗೆ ಐವತ್ತು ದಾಟಿತ್ತು. 1950ರಲ್ಲಿ ಬಿಎಲ್ ಅನ್ನೋ ಮಾದರಿ ಬಂತು. ಪೆಟ್ರೋಲ್ ಗರಗಸ, ಒಬ್ಬನೇ ಹಿಡಿಯಬಹುದು, ತೂಕ 16 ಕೆಜಿ. 1954ರಲ್ಲಿ ಬಿಎಲ್‌ಕೆ, 11 ಕೆಜಿ. 46ರಿಂದ 11ಕ್ಕೆ ಇಳಿದದ್ದು ಹಗುರ ಲೋಹದಿಂದ, ಸಣ್ಣ ಎಂಜಿನ್‌ನಿಂದ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಇಬ್ಬರಿಂದ ಒಬ್ಬನ ಕೈಗೆ ಬಂದಾಗ ಹೊಸದೊಂದು ಸಮಸ್ಯೆ ಹುಟ್ಟಿತು. ಒಬ್ಬನೇ ಹಿಡಿದವನು ಗರಗಸವನ್ನು ನೆಟ್ಟಗೆ ಹಿಡಿಯೋದಿಲ್ಲ. ಮರ ಉರುಳಿಸುವಾಗ ಅಡ್ಡ ಮಲಗಿಸ್ತಾನೆ, ಕೊಂಬೆ ಸವರುವಾಗ ವಾರೆ ಮಾಡ್ತಾನೆ. ಆಗಿನ ಕಾರ್ಬ್ಯುರೇಟರ್ ಅದಕ್ಕೆ ಒಪ್ಪುತ್ತಿರಲಿಲ್ಲ.

ಯಾಕೆ ಅಂದರೆ ಅದು ಬೈಕಿನಲ್ಲಿರೋ ಥರದ ಫ್ಲೋಟ್ ಕಾರ್ಬ್ಯುರೇಟರ್. ಒಂದು ಬಟ್ಟಲಲ್ಲಿ ಪೆಟ್ರೋಲ್, ಅದರ ಮೇಲೆ ತೇಲೋ ಫ್ಲೋಟ್, ಮಟ್ಟ ಏರಿದರೆ ಸೂಜಿ ಮುಚ್ಚುತ್ತೆ, ಇಳಿದರೆ ತೆರೆಯುತ್ತೆ. ಬೈಕ್ ತಿರುವಿನಲ್ಲಿ ಎಷ್ಟೇ ಮಲಗಿದರೂ ಅದಕ್ಕೆ ತೊಂದರೆ ಇಲ್ಲ, ಯಾಕಂದರೆ ಗುರುತ್ವ ಮತ್ತು ತಿರುವಿನ ಬಲ ಸೇರಿ ಪೆಟ್ರೋಲಿನ ಮಟ್ಟ ಬೈಕಿನ ಜೊತೆಗೇ ವಾಲುತ್ತೆ. ಅದೇ ಬೈಕ್ ಬಿದ್ದರೆ ಪೆಟ್ರೋಲ್ ಸೋರುತ್ತೆ. ಮಲಗಿಸಿದ ಗರಗಸ ಅಂದರೆ ಬಿದ್ದ ಬೈಕೇ. ಹಾಗಾಗಿ ಆ ಕಾಲದ ಎಷ್ಟೋ ಗರಗಸಗಳಲ್ಲಿ ಎಂಜಿನ್ ನೆಟ್ಟಗೇ ಇಟ್ಟು ಪಟ್ಟಿಯನ್ನು ಮಾತ್ರ ತಿರುಗಿಸೋ ಏರ್ಪಾಡು ಮಾಡುತ್ತಿದ್ದರು. ಅದಕ್ಕೆ ಮತ್ತೆ ಗೇರು, ಮತ್ತೆ ತೂಕ.

ಇದಕ್ಕೆ ಉತ್ತರವಾಗಿ ಬಂದದ್ದು ಡಯಾಫ್ರಾಂ ಕಾರ್ಬ್ಯುರೇಟರ್. ಇದು ಸ್ಟಿಲ್ ಒಬ್ಬನ ಕಂಡುಹಿಡಿತ ಅಲ್ಲ, ಆದರೆ ಆತನ ಗರಗಸಗಳ ಹಣೆಬರಹ ಬದಲಾಯಿಸಿತು. 1959ರಲ್ಲಿ ಬಂದ ಕಾಂಟ್ರಾ ಮಾದರಿಯಲ್ಲಿ ಗೇರ್ ಇಲ್ಲ, ಎಂಜಿನ್ ನೇರವಾಗಿ ಸರಪಳಿ ಓಡಿಸುತ್ತೆ. ಹೇಗೆ ಬೇಕಾದರೂ ತಿರುಗಿಸಿ ಹಿಡಿಯಬಹುದು. 6 ಅಶ್ವಶಕ್ತಿ, 12 ಕೆಜಿ. 1929ರದ್ದೂ ಆರೇ ಅಶ್ವಶಕ್ತಿ ಅಂತ ಮೇಲೆ ಹೇಳಿದ್ದೀವಿ. ಮೂವತ್ತು ವರ್ಷದಲ್ಲಿ ಶಕ್ತಿ ಅಷ್ಟೇ, ತೂಕ ಹತ್ತಿರ ಹತ್ತಿರ ನಾಲ್ಕನೇ ಒಂದು ಭಾಗ. ಆತನ ಇಡೀ ಬದುಕನ್ನು ಒಂದು ಗ್ರಾಫಿನಲ್ಲಿ ಬರೆಯಿರಿ ಅಂದರೆ ನಾವು ಈ ಎರಡು ಬಿಂದು ಇಡ್ತೀವಿ.

ಈಗ ಸ್ವಲ್ಪ ನಿಧಾನವಾಗಿ ಓದಿ, ನಿಲ್ಲುವ ಗರಗಸಗಳಲ್ಲಿ ಮುಕ್ಕಾಲು ಪಾಲಿನ ಕಥೆ ಈ ಕಾರ್ಬ್ಯುರೇಟರಿನಲ್ಲಿದೆ. ಇದರಲ್ಲಿ ಬಟ್ಟಲಿಲ್ಲ, ಫ್ಲೋಟ್ ಇಲ್ಲ. ಟ್ಯಾಂಕ್ ಮೇಲಿದ್ದು ಪೆಟ್ರೋಲ್ ಕೆಳಗೆ ಹರಿದು ಬರುತ್ತೆ ಅನ್ನೋ ಹಾಗೂ ಇಲ್ಲ. ಟು ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಇಳಿಯುತ್ತೆ, ಕೆಳಗೆ ಬಂದಾಗ ಏರುತ್ತೆ. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತೆ ಅಂದರೆ ಸೆಕೆಂಡಿಗೆ 47 ಸಲ ಈ ಏರಿಳಿತ. ಒಂದು ಸಣ್ಣ ದಾರಿಯಲ್ಲಿ ಈ ಮಿಡಿತ ಕಾರ್ಬ್ಯುರೇಟರಿಗೆ ಬಂದು ಒಂದು ತೆಳು ಪೊರೆಯನ್ನು ಕುಣಿಸುತ್ತೆ. ಅದೇ ಪಂಪು. ಇನ್ನೊಂದು ಪೊರೆ ಅಳತೆಯದು: ಎಂಜಿನ್ ಎಳೆದುಕೊಂಡಷ್ಟು ಬಗ್ಗಿ, ಸಣ್ಣ ಸನ್ನೆಕೋಲನ್ನು ತಳ್ಳಿ, ಸೂಜಿ ತೆರೆದು ಬೇಕಾದಷ್ಟೇ ಪೆಟ್ರೋಲ್ ಬಿಡುತ್ತೆ. ಎಂಜಿನ್ ತನ್ನ ಉಸಿರಿನಿಂದಲೇ ತನ್ನ ಊಟ ಎಳೆದುಕೊಳ್ಳುತ್ತೆ. ಹೇಗೆ ತಿರುಗಿಸಿದರೂ ಓಡೋದು ಇದೇ ಕಾರಣಕ್ಕೆ. ಸ್ಟಾರ್ಟ್ ಆಗಿ ನಿಲ್ಲೋದೂ ಇದೇ ಕಾರಣಕ್ಕೆ. ಪೊರೆ ಗಟ್ಟಿಯಾದರೆ, ಆ ಮಿಡಿತದ ದಾರಿ ಸೀಳಿದರೆ, ಟ್ಯಾಂಕಿನೊಳಗಿನ ಫಿಲ್ಟರ್ ಮುಚ್ಚಿದರೆ ಊಟ ನಿಲ್ಲುತ್ತೆ.

ಆದ್ದರಿಂದ ಯಾಕೆ ನಿಂತಿತು ಅಂತ ಕೇಳೋದಕ್ಕಿಂತ ಯಾವಾಗ ನಿಂತಿತು ಅಂತ ನೋಡಬೇಕು. ಚೋಕ್ ಹಾಕಿದಾಗ ಓಡಿ, ಚೋಕ್ ತೆಗೆದ ಕೂಡಲೇ ನಿಂತರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ. ಚೋಕ್ ಗಾಳಿ ತಡೆದು ಎಳೆತ ಹೆಚ್ಚಿಸಿ ಆ ಕೊರತೆ ಮುಚ್ಚಿಹಾಕುತ್ತಿತ್ತು ಅಷ್ಟೆ. ಕೊರತೆಗೆ ಕಾರಣ ಟ್ಯಾಂಕಿನ ಫಿಲ್ಟರ್ ಇರಬಹುದು, ಕಾರ್ಬ್ಯುರೇಟರಿನೊಳಗಿನ ಸಣ್ಣ ಜಾಲರಿ ಇರಬಹುದು, ಗಟ್ಟಿಯಾದ ಪೊರೆ ಇರಬಹುದು. ಇಲ್ಲವೇ ಪೆಟ್ರೋಲ್ ಸರಿ ಬರುತ್ತಿದ್ದು ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿರಬಹುದು: ಕ್ರ್ಯಾಂಕ್ ಸೀಲ್, ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್. ಕಳ್ಳಗಾಳಿಗೆ ಒಂದು ಲಕ್ಷಣ ಇದೆ. ನಿಲ್ಲೋ ಮುಂಚೆ ಎಂಜಿನ್ ತಾನಾಗೇ ಕಿರುಚಿ ವೇಗ ಏರಿಸಿ ನಿಲ್ಲುತ್ತೆ.

ಐಡಲ್ ಚೆನ್ನಾಗಿದ್ದು, ರೇಸ್ ಕೊಟ್ಟರೆ ನಿಲ್ಲೋದು ಬೇರೆ ಸಂಗತಿ. ಆಗ ಹೆಚ್ಚು ಪೆಟ್ರೋಲ್ ಬೇಕಾದ ದಾರಿ ಕಟ್ಟಿರುತ್ತೆ, ಅಥವಾ ಹೊಗೆ ಹೋಗೋ ದಾರಿ. ಸೈಲೆನ್ಸರಿನ ಜಾಲರಿಯಲ್ಲಿ ಮಸಿ ಕಟ್ಟಿದರೆ ಹಳೇ ಹೊಗೆ ಹೊರಗೆ ಹೋಗದೆ ಹೊಸ ಗಾಳಿಗೆ ಜಾಗ ಇರೋದಿಲ್ಲ. ಆಯಿಲ್ ಕೈಗೆ ಬಂದಷ್ಟು ಸುರಿಯೋರ ಗರಗಸಕ್ಕೆ ಇದು ಬೇಗ ಬರೋ ಕಾಯಿಲೆ. ಒಳ್ಳೆ ಟು ಸ್ಟ್ರೋಕ್ ಆಯಿಲ್ ಇದ್ದು, ಕಂಪನಿ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, ಅಷ್ಟೇ. ಕಡಿಮೆಯಾದರೆ ಇನ್ನೂ ಅಪಾಯ, ಯಾಕಂದರೆ ಈ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲ್ ಜೊತೆ ಬಂದದ್ದೇ ಪಿಸ್ಟನ್ನಿಗೆ ಜಿಡ್ಡು. ಪೆಟ್ರೋಲ್ ಕೊರತೆಯಲ್ಲಿ ಓಡೋ ಗರಗಸ ಅಂದರೆ ಆಯಿಲ್ ಕೊರತೆಯಲ್ಲೂ ಓಡೋ ಗರಗಸ. ಹಾಗೇ ಎಳೆದಾಡಿ ಕೊಯ್ದರೆ ಪಿಸ್ಟನ್ ಹಿಡಕೊಳ್ಳುತ್ತೆ. ಯಜ್ದಿ, ಆರ್‌ಎಕ್ಸ್ 100 ಓಡಿಸಿದ ಮಾಮಂದಿರನ್ನು ಕೇಳಿ, ಎಂಜಿನ್ ಸೀಜ್ ಆದ ಕಥೆ ಒಂದಾದರೂ ಇರುತ್ತೆ.

ಮೂರನೆಯದು, ನಾಲ್ಕೈದು ನಿಮಿಷ ಚೆನ್ನಾಗಿ ಓಡಿ ನಿಧಾನಕ್ಕೆ ಸೊರಗಿ ನಿಲ್ಲೋದು. ಹದಡಿ ಹತ್ತಿರದ ಒಂದು ತೋಟದಲ್ಲಿ ನಾವು ನೋಡಿದ್ದು ಇಂಥದ್ದೇ. ಗರಗಸ ಯಾವ ಕಂಪನಿಯದು ಅನ್ನೋದು ಇಲ್ಲಿ ಬೇಡ. ಅಷ್ಟರಲ್ಲಾಗಲೇ ಪ್ಲಗ್ ಹೊಸದು ಹಾಕಿದ್ದರು, ಏರ್ ಫಿಲ್ಟರ್ ತೊಳೆದಿದ್ದರು. ನಿಂತ ಕೂಡಲೇ ಎಂಜಿನ್ ಸ್ವಲ್ಪ ಆರಲಿ ಅಂತ ಬಿಟ್ಟು, ಟ್ಯಾಂಕಿನ ಮುಚ್ಚಳ ನಿಧಾನ ಸಡಿಲಿಸಿದಾಗ ಸುಯ್ ಅಂತ ಗಾಳಿ ಒಳಗೆ ಎಳಕೊಂಡಿತು. ಮುಚ್ಚಿ ದಾರ ಎಳೆದರೆ ಮತ್ತೆ ನಾಲ್ಕೈದು ನಿಮಿಷ ಓಡಿತು. ಟ್ಯಾಂಕಿಗೆ ಗಾಳಿ ಹೋಗೋ ವೆಂಟ್ ದೂಳು ಕೂತು ಮುಚ್ಚಿತ್ತು. ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಆಗಿ ಪಂಪಿನ ಪೊರೆ ಎಳೆದರೂ ಪೆಟ್ರೋಲ್ ಬರ್ತಿರಲಿಲ್ಲ. ಎಳನೀರಿಗೆ ಸ್ಟ್ರಾ ಹಾಕಿ, ತೂತನ್ನು ತುಟಿಯಿಂದ ಪೂರ್ತಿ ಮುಚ್ಚಿ ಎಳೆದರೆ ಹೇಗೋ ಹಾಗೆ. ವೆಂಟ್ ಬದಲಾಯಿಸೋಕೆ ಹತ್ತು ನಿಮಿಷ ಹಿಡೀತು, ಅದನ್ನು ಹುಡುಕೋಕೆ ಅವರಿಗೆ ಎರಡು ವಾರ ಹಿಡಿದಿತ್ತು. ಯಜಮಾನರು ಎಳನೀರು ಕೊಟ್ಟರು, ಆ ಉಪಮೆ ಅಲ್ಲಿಂದಲೇ ಬಂದದ್ದು.

ಬಿಸಿಯಾದ ಮೇಲೆ ತಟ್ಟನೆ ನಿಂತು, ತಣ್ಣಗಾದ ಮೇಲೆ ಏನೂ ಆಗಿಲ್ಲದ ಹಾಗೆ ಓಡಿದರೆ ಇಗ್ನಿಶನ್ ಕಾಯಿಲ್ ಮೇಲೆ ಅನುಮಾನ. ಬಿಸಿಗೆ ಒಳಗಿನ ತಂತಿ ಬಿಟ್ಟುಕೊಳ್ಳುತ್ತೆ, ಆರಿದಾಗ ಕೂಡಿಕೊಳ್ಳುತ್ತೆ. ನಿಂತ ಕ್ಷಣದಲ್ಲೇ ಕಿಡಿ ಇದೆಯಾ ಅಂತ ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಬೇಕು, ಟೀ ಕುಡಿದು ಬಂದು ನೋಡಿದರೆ ಕಿಡಿ ಇದ್ದೇ ಇರುತ್ತೆ. ಚೆಲ್ಲಿದ ಪೆಟ್ರೋಲ್ ಹತ್ತಿರ ಈ ಪರೀಕ್ಷೆ ಬೇಡ. ಪ್ಲಗ್ ಬಿಚ್ಚಿದಾಗ ಅದರ ಬಣ್ಣವೂ ಮಾತಾಡುತ್ತೆ. ಕಪ್ಪಾಗಿ ಒದ್ದೆಯಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರ್ ಮುಚ್ಚಿದೆ, ಬಿಳಚಿಕೊಂಡಿದ್ದರೆ ಕೊರತೆ, ಕಂದು ಬಣ್ಣ ಇದ್ದರೆ ಎಲ್ಲ ಸರಿ.

ನಿಲ್ಲೋದನ್ನು ತಪ್ಪಿಸೋಕೆ ಐಡಲ್ ಸ್ಕ್ರೂ ತಿರುಗಿಸಿ ವೇಗ ಏರಿಸೋ ಚಟ ಎಲ್ಲ ಕಡೆ ಇದೆ. ಇದು ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ. ಮೇಲೆ ಹೇಳಿದ ಕ್ಲಚ್ ನೆನಪು ಮಾಡಿಕೊಳ್ಳಿ: ಐಡಲ್ ವೇಗ ಏರಿದರೆ ಕ್ಲಚ್ ಹಿಡಿದು, ಕೈ ಬಿಟ್ಟರೂ ಸರಪಳಿ ಓಡುತ್ತಲೇ ಇರುತ್ತೆ. ಪಂಚೆ ಕಟ್ಟಿ, ಚಪ್ಪಲಿಯಲ್ಲಿ ನಿಂತು ಕೊಯ್ಯೋರ ಕಾಲ ಹತ್ತಿರ. ಅದರ ಬದಲು ಪೆಟ್ರೋಲ್ ಮೊದಲು ಬದಲಾಯಿಸಿ. ಈಗ ಬಂಕಿನಲ್ಲಿ ಸಿಗೋದು 20 ಭಾಗ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತೆ, ನೀರು ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತೆ, ಫಿಲ್ಟರ್ ಇರೋದೂ ತಳದಲ್ಲೇ. ಕಳೆದ ಗಾಳಿಮಳೆಗೆ ತುಂಬಿಸಿದ್ದನ್ನು ಈ ಗಾಳಿಮಳೆವರೆಗೆ ಟ್ಯಾಂಕಿನಲ್ಲೇ ಬಿಟ್ಟರೆ ಪೊರೆ ಗಟ್ಟಿಯಾಗೋದರಲ್ಲಿ ಏನು ಆಶ್ಚರ್ಯ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ ಇಡೋದು ಒಳ್ಳೆಯದು.

ಸ್ಟಿಲ್ ಕಥೆಗೆ ವಾಪಸ್ ಬರೋಣ. ಕಾಂಟ್ರಾ ಬಂದ ಹೊತ್ತಿಗೆ ಸರಪಳಿಯ ಹಲ್ಲೂ ಬದಲಾಗಿತ್ತು. ಅದನ್ನು ಬದಲಿಸಿದ್ದು ಅಮೆರಿಕದ ಜೋ ಕಾಕ್ಸ್. ಒಣಮರದೊಳಗೆ ಕೊರೆಯೋ ಒಂದು ಹುಳ ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ ಕೊರೆಯೋದನ್ನು ನೋಡಿ, ಅದರ ಬಾಗಿದ ದವಡೆಯ ಹಾಗೆ ಹಲ್ಲು ಮಾಡಿ 1947ರಲ್ಲಿ ಮಾರಾಟಕ್ಕೆ ತಂದ. ಸ್ಟಿಲ್‌ನ ಹಗುರ ಎಂಜಿನ್, ಕಾಕ್ಸ್‌ನ ಹಲ್ಲು, ಡಯಾಫ್ರಾಂ ಕಾರ್ಬ್ಯುರೇಟರ್ ಮೂರೂ ಸೇರಿದ ಮೇಲೆ ಒಂದು ದಿನದ ಕೆಲಸ ಒಂದು ಗಂಟೆಗೆ ಬಂತು. ಇದರಲ್ಲಿ ಸಂತೋಷದಷ್ಟೇ ಹೆದರಿಕೆಯೂ ಇದೆ. ಬೆನ್ನು ಉಳಿದದ್ದು ಕೆಲಸಗಾರನದು, ಹೋದದ್ದು ಕಾಡು. ನಮ್ಮ ಹರಿಹರದ ಹೊಳೆಯ ಆಚೆ ದಡ, ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂದ ಮೇಲೆ ಅದಕ್ಕೆ ನೀಲಗಿರಿ ಮರ ಬೇಕಾಯಿತು. ಸುತ್ತಲಿನ ಗೋಮಾಳಗಳಲ್ಲಿ ನೀಲಗಿರಿ ನೆಡೋಕೆ ಹೊರಟಾಗ ಜನ ತಿರುಗಿ ನಿಂತರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು, ಕಿತ್ತಿಕೋ ಹಚ್ಚಿಕೋ ಅಂತ ಹೆಸರಾಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1983ರಲ್ಲಿ, ಶಿರಸಿ ಸೀಮೆಯ ಸಾಲ್ಕಣಿಯವರು ಮರ ಅಪ್ಪಿಕೊಂಡು ಕಡಿಯೋದು ನಿಲ್ಲಿಸಿದ್ದರು. ಯಂತ್ರ ಸ್ಟಾರ್ಟ್ ಆಗಿ ನಿಲ್ಲಲಿ ಅಂತ ಬಯಸೋ ಜನವೂ ಇದ್ದಾರೆ, ಅವರ ಕಾರಣವೂ ಸಣ್ಣದಲ್ಲ.

1960ರಿಂದ ಮಗ ಹಾನ್ಸ್ ಪೀಟರ್ ಕಾರ್ಖಾನೆಯಲ್ಲಿ ಕೈಜೋಡಿಸಿದ. ಆ ದಶಕದ ಕೆಲಸ ಹೆಚ್ಚಾಗಿ ಹಿಡಿಯುವವನ ಮೈಯ ಬಗ್ಗೆ. ವರ್ಷಗಟ್ಟಲೆ ಗರಗಸ ಹಿಡಿದವರ ಬೆರಳು ಚಳಿಗೆ ಬಿಳಿಚಿ ಮರಗಟ್ಟುತ್ತಿದ್ದವು. ನಡುಕ ರಕ್ತನಾಳಗಳನ್ನೂ ನರಗಳನ್ನೂ ಹಾಳು ಮಾಡುತ್ತಿತ್ತು. ದಶಕದ ನಡುವಿನಲ್ಲಿ ಎಂಜಿನ್ನಿಗೂ ಹಿಡಿಕೆಗೂ ನಡುವೆ ರಬ್ಬರ್ ಇಟ್ಟು ನಡುಕ ತಡೆಯೋ ಹಿಡಿಕೆ ಬಂತು. 1968ರಲ್ಲಿ ಎಲೆಕ್ಟ್ರಾನಿಕ್ ಇಗ್ನಿಶನ್ ಬಂದು, ಪಾಯಿಂಟ್ ಉಜ್ಜೋ ಕೆಲಸ ತಪ್ಪಿತು. ಅಲ್ಲಿಯವರೆಗೆ ನಿಲ್ಲೋ ಗರಗಸದಲ್ಲಿ ಮೊದಲು ಬಿಚ್ಚುತ್ತಿದ್ದದ್ದು ಆ ಪಾಯಿಂಟನ್ನೇ. 1971ರ ಹೊತ್ತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗೋ ಚೈನ್ ಗರಗಸ ಸ್ಟಿಲ್ ಹೆಸರಿನದಾಗಿತ್ತು. 1973ರ ಜನವರಿ 14ರಂದು ಆತ ತೀರಿಕೊಂಡ, ಎಪ್ಪತ್ತಾರನೇ ವಯಸ್ಸಿನಲ್ಲಿ. ಕಂಪನಿ ಇವತ್ತೂ ವೈಬ್ಲಿಂಗೆನ್‌ನಲ್ಲಿ, ಅದೇ ಮನೆತನದ ಕೈಯಲ್ಲಿ ಇದೆ.

ಸಾಯೋ ಹಿಂದಿನ ವರ್ಷ, 1972ರಲ್ಲಿ, ಆತನ ಗರಗಸಗಳಿಗೆ ಸೇರಿದ ಭಾಗ ಚೈನ್ ಬ್ರೇಕ್. ಪಟ್ಟಿಯ ತುದಿ ಮರಕ್ಕೆ ತಾಗಿ ಗರಗಸ ಮುಖದ ಕಡೆ ಎಗರಿದಾಗ ಮುಂದಿನ ಕೈಕಾಪು ಮುಂದಕ್ಕೆ ಸರಿದು, ಉಕ್ಕಿನ ಪಟ್ಟಿ ಕ್ಲಚ್ ಡ್ರಮ್ಮನ್ನು ಹಿಡಿದು ಸರಪಳಿ ನಿಲ್ಲಿಸುತ್ತೆ. ಇತಿಹಾಸದಲ್ಲಿ ಕೊನೆಗೆ ಬಂದ ಈ ಭಾಗವನ್ನು ಪರೀಕ್ಷೆಯಲ್ಲಿ ಮೊದಲು ನೋಡಿ. ಬ್ರೇಕ್ ಹಾಕಿಟ್ಟೇ ಸ್ಟಾರ್ಟ್ ಮಾಡಬೇಕು, ಅದು ನಿಯಮ. ತೆಗೆಯೋದು ಮರೆತು ರೇಸ್ ಕೊಟ್ಟರೆ ಕ್ಲಚ್ ಕಾದು ಎಂಜಿನ್ ಉಸಿರುಗಟ್ಟಿ ನಿಲ್ಲುತ್ತೆ, ನೋಡೋರಿಗೆ ಕಾರ್ಬ್ಯುರೇಟರ್ ಕೆಟ್ಟ ಹಾಗೇ ಕಾಣುತ್ತೆ. ಸ್ಕ್ರೂಡ್ರೈವರ್ ಹುಡುಕೋ ಮುಂಚೆ ಆ ಕೈಕಾಪನ್ನು ಹಿಡಿಕೆಯ ಕಡೆ ಎಳೀರಿ, ಟಕ್ ಅಂತ ಸದ್ದು ಬಂದ ಮೇಲೆ ಇನ್ನೊಮ್ಮೆ ರೇಸ್ ಕೊಟ್ಟು ನೋಡಿ.